ಮೀನಿನಿಂದ ಪ್ಯಾಡಿನವರೆಗೆ: ನೋವಿಗೆ ಕರೆಂಟು ಕೊಟ್ಟ ಕಥೆ

ಎರಡು ವರ್ಷದ ಹಿಂದಿನ ಮಾತು. ನಮ್ಮ ಅತ್ತೆಯವರಿಗೆ ಬಲ ತೋಳಿನ ಮೇಲೆ ಸರ್ಪಸುತ್ತು ಎದ್ದಿತು. ಔಷಧಿ ತೆಗೆದುಕೊಂಡರು, ಕೆಲವು ವಾರಗಳಲ್ಲಿ ಗುಳ್ಳೆಗಳೆಲ್ಲ ಒಣಗಿ ಉದುರಿದವು. ಉರಿ ಮಾತ್ರ ಹೋಗಲಿಲ್ಲ. ರವಿಕೆಯ ತೋಳು ತಾಗಿದರೂ ಬೆಂಕಿ ಇಟ್ಟ ಹಾಗಾಗುತ್ತದೆ ಅನ್ನುತ್ತಿದ್ದರು. ಫ್ಯಾನಿನ ಗಾಳಿ ಕೂಡ ಆಗುತ್ತಿರಲಿಲ್ಲ. ಹಗಲೆಲ್ಲ ಒಂದು ಒದ್ದೆ ಬಟ್ಟೆಯನ್ನು ತೋಳಿಗೆ ಸುತ್ತಿಕೊಂಡೇ ಇರುತ್ತಿದ್ದರು. ತೋರಿಸಿದ ಕಡೆಯೆಲ್ಲ ಒಂದೇ ಉತ್ತರ: "ಗಾಯ ಆರಿದೆಯಲ್ಲ, ಇನ್ನೇನಿಲ್ಲ. ವಯಸ್ಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಆರು ತಿಂಗಳಾಗುವ ಹೊತ್ತಿಗೆ ಮನೆಯಲ್ಲಿ ನಮಗೂ ಬೇಸರ ಬಂದಿತ್ತು. ಒಂದು ದಿನ ಆಫೀಸಿನಿಂದ ಬಂದವಳು, "ಅತ್ತೆ, ಅದನ್ನೇ ಯೋಚಿಸ್ತಾ ಕೂತರೆ ಜಾಸ್ತಿ ಆಗತ್ತೆ" ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಬಟ್ಟೆ ಒದ್ದೆ ಮಾಡಿಕೊಳ್ಳಲು ಬಚ್ಚಲಿಗೆ ಎದ್ದು ಹೋದರು.

ಕಡೆಗೆ ನೋವಿನ ಚಿಕಿತ್ಸೆ ಗೊತ್ತಿದ್ದ ಒಬ್ಬ ವೈದ್ಯರು ಸಿಕ್ಕಿದರು. ಇದು ಸರ್ಪಸುತ್ತಿನಿಂದ ನರಕ್ಕೆ ಆದ ಪೆಟ್ಟು, ಚರ್ಮ ಆರಿದರೂ ನರ ಆರಿಲ್ಲ ಎಂದರು. ಮಾತ್ರೆ ಬರೆದುಕೊಟ್ಟರು, ಜೊತೆಗೆ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿನ ಹುಡುಗಿ ಮೊಬೈಲಿನಷ್ಟು ದೊಡ್ಡ ಡಬ್ಬಿಯೊಂದನ್ನು ತಂದು, ಅಂಟು ಪ್ಯಾಡುಗಳನ್ನು ತೋಳಿನ ಮೇಲೆ ಕೂರಿಸಿ, ಗುಂಡಿ ತಿರುಗಿಸಿದಳು. "ಜುಮು ಜುಮು ಅಂತಿದೆ" ಎಂದರು ಅತ್ತೆ. ಮನೆಗೆ ಬರುವಾಗ ಆಟೋದಲ್ಲಿ ಕೇಳಿದರು: "ನೋವಿಗೆ ಕರೆಂಟು ಕೊಡೋದನ್ನ ಯಾರಮ್ಮ ಕಂಡುಹಿಡಿದಿದ್ದು?"

ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು. ನಮ್ಮ ಮಹಿಳಾ ವಿಭಾಗದಲ್ಲಿ ಮಂಡಿ, ಭುಜ, ಮಣಿಕಟ್ಟು ಅಂತ ಫಿಸಿಯೋಥೆರಪಿಯ ಮೆಟ್ಟಿಲು ಹತ್ತದವರು ಕಡಿಮೆ. ಹಾಗಾಗಿ ಎಲ್ಲರಿಗೂ ಹೇಳಬೇಕೆನಿಸಿತು.

ಸಮುದ್ರದ ದಡದಲ್ಲಿ ಮೊದಲ ಚಿಕಿತ್ಸೆ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯನಿದ್ದ. ಕ್ಲಾಡಿಯಸ್ ಚಕ್ರವರ್ತಿಯ ಕಾಲ. ಕ್ರಿ.ಶ. 47ರ ಸುಮಾರಿಗೆ ಅವನು ಔಷಧಿಗಳ ಒಂದು ಪುಸ್ತಕ ಬರೆದ. ಕಾಲಿನ ಗೌಟ್ ನೋವಿಗೆ ಅದರಲ್ಲಿ ವಿಚಿತ್ರವಾದ ಒಂದು ಉಪಾಯವಿದೆ. ನೋವು ಶುರುವಾದಾಗ ಜೀವಂತ ಕಪ್ಪು ಟಾರ್ಪಿಡೋ ಮೀನನ್ನು ಪಾದದ ಕೆಳಗೆ ಇಡಬೇಕು. ರೋಗಿ ಒಣ ನೆಲದ ಮೇಲೆ ನಿಲ್ಲಬಾರದು, ಅಲೆ ಬಂದು ಒದ್ದೆಯಾಗುವ ದಡದ ಮೇಲೆ ನಿಲ್ಲಬೇಕು. ಪಾದದಿಂದ ಮಂಡಿಯವರೆಗೆ ಮರಗಟ್ಟುವ ತನಕ ಹಾಗೆಯೇ ನಿಂತಿರಬೇಕು. ಟೈಬೀರಿಯಸ್ ಚಕ್ರವರ್ತಿಯ ಬಳಿ ಗುಲಾಮನಾಗಿದ್ದು ಬಿಡುಗಡೆ ಹೊಂದಿದ್ದ ಆಂಟೆರೋಸ್ ಎಂಬವನಿಗೆ ಇದರಿಂದ ಗುಣವಾಯಿತು ಎಂದೂ ಬರೆದಿದ್ದಾನೆ. ತೀರದ ತಲೆನೋವಿಗೂ ಇದೇ ಮೀನನ್ನು ಹೇಳಿದ್ದಾನೆ.

ಟಾರ್ಪಿಡೋ ಎಂದರೆ ಚಪ್ಪಟೆ ತೊರಕೆ ಮೀನಿನ ಜಾತಿಯದು. ಬೇಟೆಯನ್ನು ಹಿಡಿಯಲು ಅದು ತನ್ನ ಮೈಯಿಂದ ಷಾಕ್ ಹೊಡೆಯುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ಮರಗಟ್ಟಿಸುವುದು ಎಂಬ ಅರ್ಥವಿದೆ. ಗ್ರೀಕರು ಇದನ್ನು ನಾರ್ಕೆ ಎನ್ನುತ್ತಿದ್ದರು. ಮತ್ತು ಬರಿಸುವ ಔಷಧಿಗಳಿಗೆ ಇರುವ ನಾರ್ಕೋಟಿಕ್ ಎಂಬ ಹೆಸರೂ ಅದೇ ಮೂಲದ್ದು. ಲಾರ್ಗಸ್‌ಗೆ ವಿದ್ಯುತ್ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ನೆಲ ಒದ್ದೆಯಾಗಿರಬೇಕೆಂಬುದನ್ನು ಗಮನಿಸಿದ್ದ. ನಮ್ಮ ಪ್ಯಾಡುಗಳ ಮೇಲೆ ಇವತ್ತು ಇರುವ ಜೆಲ್ಲಿನ ಕೆಲಸವೂ ಅದೇ, ಕರೆಂಟು ಚರ್ಮದೊಳಗೆ ಸರಾಗವಾಗಿ ದಾಟುವಂತೆ ಮಾಡುವುದು.

ಆ ಮೀನಿನ ಹೊಡೆತ ವಿದ್ಯುತ್ತಿನದೇ ಎಂದು ಗಟ್ಟಿಯಾಗಿ ತಿಳಿದದ್ದು 1770ರ ದಶಕದಲ್ಲಿ. ಜಾನ್ ವಾಲ್ಷ್ ಎಂಬ ಇಂಗ್ಲಿಷಿನವನು ಫ್ರಾನ್ಸಿನ ಕರಾವಳಿಗೆ ಹೋಗಿ ಜೀವಂತ ಮೀನುಗಳ ಮೇಲೆ ಪರೀಕ್ಷೆ ಮಾಡಿದ. 1800ರಲ್ಲಿ ವೋಲ್ಟಾ ಮೊದಲ ಬ್ಯಾಟರಿಯನ್ನು ಪ್ರಕಟಿಸಿದಾಗ, ಅದನ್ನು ಇದೇ ಮೀನಿನ ವಿದ್ಯುತ್ ಅಂಗಕ್ಕೆ ಹೋಲಿಸಿದ.

ಯಂತ್ರ ಬಂತು, ಜಾತ್ರೆಯೂ ಬಂತು

ಅಷ್ಟರಲ್ಲಿ ಮನುಷ್ಯರೂ ವಿದ್ಯುತ್ ಮಾಡುವುದನ್ನು ಕಲಿತಿದ್ದರು. 1745-46ರಲ್ಲಿ ಲೈಡನ್ ಜಾಡಿ ಬಂತು. ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿಟ್ಟು ಬೇಕಾದಾಗ ಬಿಡುವ ಸಾಧನ ಅದು. ಜಿನೀವಾದ ಜಲ್ಲಬೇರ್ ಎಂಬ ಪ್ರಾಧ್ಯಾಪಕ, ವರ್ಷಗಳಿಂದ ಕೈ ಸ್ವಾಧೀನವಿಲ್ಲದ ಒಬ್ಬ ಬೀಗ ಮಾಡುವವನ ಕೈಗೆ ವಿದ್ಯುತ್ ಕೊಟ್ಟು ಚಲನೆ ತರಿಸಿದ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತು. ಲಂಡನ್‌ನಲ್ಲಿ ಜಾನ್ ವೆಸ್ಲಿ ಬಡವರಿಗಾಗಿ ವಿದ್ಯುತ್ ಯಂತ್ರಗಳನ್ನು ಇರಿಸಿ, 1760ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು.

ಇವರ ನಡುವೆ ಪ್ರಾಮಾಣಿಕವಾಗಿ ಮಾತಾಡಿದವರು ಬೆಂಜಮಿನ್ ಫ್ರಾಂಕ್ಲಿನ್. ಮಿಂಚು ವಿದ್ಯುತ್ತೇ ಎಂದು ಹೇಳಿದ ಅವರ ಬಳಿಗೆ ಪಾರ್ಶ್ವವಾಯು ಆದ ಅನೇಕರನ್ನು ಕರೆತರುತ್ತಿದ್ದರು. ಅವರಿಗೆಲ್ಲ ಷಾಕ್ ಕೊಟ್ಟು ನೋಡಿದ ಫ್ರಾಂಕ್ಲಿನ್ 1757ರಲ್ಲಿ ಒಂದು ಪತ್ರದಲ್ಲಿ ಬರೆದದ್ದು ಇಷ್ಟು: ಮೊದಲು ಕೆಲವು ದಿನ ಸುಧಾರಣೆ ಕಾಣುತ್ತದೆ, ಆಮೇಲೆ ನಿಲ್ಲುತ್ತದೆ, ಶಾಶ್ವತ ಪ್ರಯೋಜನವನ್ನು ತಾನು ಕಂಡಿಲ್ಲ. ಆ ಕಾಲದಲ್ಲಿ ಇಂಥ ಮಾತು ಆಡಿದವರು ಬಹಳ ಇಲ್ಲ.

ಚರ್ಮವನ್ನು ಚುಚ್ಚದೆ ಕರೆಂಟು ಕೊಡುವ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಫ್ರಾನ್ಸಿನ ವೈದ್ಯ ದ್ಯುಶೆನ್. ಅವರಿಗಿಂತ ಮುಂಚೆ ಸೂಜಿ ಚುಚ್ಚಿ ಅದರ ಮೂಲಕ ಕರೆಂಟು ಹರಿಸುವ ಪದ್ಧತಿಯಿತ್ತು. ದ್ಯುಶೆನ್ ಒದ್ದೆ ಮಾಡಿದ ಎಲೆಕ್ಟ್ರೋಡುಗಳನ್ನು ಚರ್ಮದ ಮೇಲೆ ಬರಿದೇ ಒತ್ತಿ, ಬೇಕಾದ ಸ್ನಾಯುವನ್ನು ಮಾತ್ರ ಕೆಲಸ ಮಾಡಿಸಿ ತೋರಿಸಿದರು. 1855ರಲ್ಲಿ ಅವರ ಪುಸ್ತಕ ಬಂತು.

ಆಮೇಲಿನ ಐವತ್ತು ಅರವತ್ತು ವರ್ಷ ಜಾತ್ರೆಯೋ ಜಾತ್ರೆ. ವಿದ್ಯುತ್ ಬೆಲ್ಟು, ವಿದ್ಯುತ್ ಬಾಚಣಿಗೆ, ಎಲ್ಲ ರೋಗಕ್ಕೂ ಒಂದೇ ಪೆಟ್ಟಿಗೆ. ಅಮೆರಿಕದಲ್ಲಿ 1919ರಲ್ಲಿ ಚಾರ್ಲ್ಸ್ ವಿಲ್ಲಿ ಕೆಂಟ್ ಎಂಬವನು ಎಲೆಕ್ಟ್ರೀಟ್ ಎಂಬ ಕೈಯಲ್ಲಿ ಹಿಡಿಯುವ ಬ್ಯಾಟರಿ ಸಾಧನಕ್ಕೆ ಪೇಟೆಂಟ್ ಪಡೆದ. ಅದು ನಿಜಕ್ಕೂ ನೋವಿಗೆ ಸ್ವಲ್ಪ ಉಪಯೋಗವಾಗುತ್ತಿತ್ತು. ಆದರೆ ಜಾಹೀರಾತಿನಲ್ಲಿ ಅದಕ್ಕೆ ಗುಣವಾಗದ ಕಾಯಿಲೆಯೇ ಇರಲಿಲ್ಲ. 1938ರಲ್ಲಿ ಅಲ್ಲಿನ ಸರ್ಕಾರ ವೈದ್ಯಕೀಯ ಸಾಧನಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದಾಗ ಇದರ ಮೇಲೂ ಕ್ರಮ ನಡೆಯಿತು. ಓದಿದ ವೈದ್ಯರು ಕರೆಂಟಿನ ಚಿಕಿತ್ಸೆಯೆಂದರೆ ಮುಖ ತಿರುಗಿಸುವಂತಾಯಿತು. ಸುಳ್ಳುಗಳ ಜೊತೆ ಒಂದು ನಿಜವೂ ಮೂಲೆ ಸೇರಿತು.

ಒದ್ದೆ ಬಟ್ಟೆಯ ಸೈನಿಕರು

ಈ ಭಾಗವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಂಡೇಟಿನಿಂದ ನರಗಳಿಗೆ ಪೆಟ್ಟು ಬಿದ್ದ ಸೈನಿಕರನ್ನು ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಗೆ ತರುತ್ತಿದ್ದರು. ಅಲ್ಲಿ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯರು ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಅವರನ್ನು ನೋಡಿಕೊಂಡು, 1864ರಲ್ಲಿ ಒಂದು ಪುಸ್ತಕ ಬರೆದರು. ಗಾಯ ಆರಿದ ಮೇಲೂ ಕೈಯಲ್ಲಿ, ಕಾಲಿನಲ್ಲಿ ಸುಡುವ ನೋವು ಉಳಿಯುವುದನ್ನು ಅದರಲ್ಲಿ ವಿವರವಾಗಿ ದಾಖಲಿಸಿದರು. ಮುಟ್ಟಿದರೆ ಆಗದು, ಕಾಗದ ಸರಸರ ಅಂದರೂ ಆಗದು. ಆ ಸೈನಿಕರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಕೆಲವರು ಬೂಟಿನೊಳಗೂ ನೀರು ಹೊಯ್ದುಕೊಳ್ಳುತ್ತಿದ್ದರು. ಮಿಚೆಲ್ ಈ ನೋವಿಗೆ ಮುಂದೆ ಕಾಸಾಲ್ಜಿಯಾ ಎಂಬ ಹೆಸರನ್ನು ಬಳಸಿದರು, ಉರಿಯ ನೋವು ಎಂದು ಅದರ ಅರ್ಥ. ಕತ್ತರಿಸಿ ಹೋದ ಕೈಕಾಲಿನಲ್ಲಿ ನೋವು ಅನ್ನಿಸುವುದನ್ನೂ ಅವರು ಬರೆದರು. ಇಲ್ಲದ ಅಂಗದ ನೋವಿಗೆ ಇಂಗ್ಲಿಷಿನಲ್ಲಿ ಇರುವ ಫ್ಯಾಂಟಮ್ ಎಂಬ ಹೆಸರು 1871ರ ಅವರ ಬರಹದಿಂದ ಬಂದದ್ದು.

ನಮ್ಮ ಅತ್ತೆ ಮುಂಬೈಯ ಎರಡು ಕೋಣೆಯ ಫ್ಲಾಟಿನಲ್ಲಿ ಯಾರೂ ಹೇಳಿಕೊಡದೆ ಮಾಡಿಕೊಂಡ ಉಪಾಯವನ್ನೇ ನೂರ ಅರವತ್ತು ವರ್ಷದ ಹಿಂದೆ ಆ ಸೈನಿಕರೂ ಮಾಡಿಕೊಂಡಿದ್ದರು. ಅವರದನ್ನು ಒಬ್ಬ ವೈದ್ಯ ನಂಬಿ ಪುಸ್ತಕದಲ್ಲಿ ಬರೆದಿಟ್ಟ. ನಾನು ನಮ್ಮ ಅತ್ತೆಯನ್ನು ನಂಬಿರಲಿಲ್ಲ.

ಇದೇ ಮಿಚೆಲ್ಲರ ಇನ್ನೊಂದು ಮುಖವನ್ನೂ ನಾವು ಹೆಂಗಸರು ತಿಳಿದಿರಬೇಕು. ಯುದ್ಧ ಮುಗಿದ ಮೇಲೆ ಅವರು ನಿಶ್ಶಕ್ತಿ, ಮಂಕು, ನರಗಳ ದೌರ್ಬಲ್ಯ ಎಂದು ಬಂದ ಮಹಿಳೆಯರಿಗೆ ವಿಶ್ರಾಂತಿ ಚಿಕಿತ್ಸೆ ಎಂಬ ಪದ್ಧತಿಯನ್ನು ಪ್ರಸಿದ್ಧಿಗೆ ತಂದರು. ವಾರಗಟ್ಟಲೆ ಹಾಸಿಗೆ, ಮನೆಯವರನ್ನು ನೋಡುವಂತಿಲ್ಲ, ತುಂಬ ಊಟ, ಮಾಲೀಸು, ಮತ್ತು ಸ್ನಾಯುಗಳಿಗೆ ಕರೆಂಟು. 1887ರಲ್ಲಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಲೇಖಕಿ ಈ ಚಿಕಿತ್ಸೆಗೆ ಒಳಗಾಗಿ, ಅದರಿಂದ ಮನಸ್ಸೇ ಕೆಡುವ ಸ್ಥಿತಿಗೆ ಬಂದು, 1892ರಲ್ಲಿ ಆ ಅನುಭವವನ್ನು ಕಥೆಯಾಗಿ ಬರೆದರು. ಸೈನಿಕನ ಮಾತನ್ನು ಕಿವಿಗೊಟ್ಟು ಕೇಳಿದ ವೈದ್ಯರು ಹೆಂಗಸಿನ ಮಾತಿಗೆ ಅಷ್ಟು ಕಿವಿ ಕೊಡಲಿಲ್ಲ. ಇಬ್ಬರಿಗೂ ಅವರ ಬಳಿ ಇದ್ದ ಸಾಧನಗಳು ಹೆಚ್ಚುಕಡಿಮೆ ಒಂದೇ.

ಬಾಗಿಲಿನ ಸಿದ್ಧಾಂತ

ನೋವಿಗೆ ಕರೆಂಟು ಮತ್ತೆ ಮರ್ಯಾದೆಯಿಂದ ಒಳಗೆ ಬಂದದ್ದು 1965ರಲ್ಲಿ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಆ ವರ್ಷದ ನವೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹೊಸ ಸಿದ್ಧಾಂತವೊಂದನ್ನು ಮಂಡಿಸಿದರು. ಅದುವರೆಗೆ ನೋವೆಂದರೆ ಗಂಟೆಯ ಹಗ್ಗದ ಹಾಗೆ ಎಂಬ ತಿಳಿವಳಿಕೆ ಪ್ರಬಲವಾಗಿತ್ತು. ಕೆಳಗೆ ಎಳೆದರೆ ಮೇಲೆ ಮಿದುಳಿನಲ್ಲಿ ಬಾರಿಸುತ್ತದೆ, ಎಳೆಯದಿದ್ದರೆ ಬಾರಿಸುವುದಿಲ್ಲ. ಹಾಗಾದರೆ ಗಾಯವೇ ಇಲ್ಲದ ನೋವು ಹೇಗೆ ಬಂತು? ಮನಸ್ಸಿನಲ್ಲಿ ಇರಬೇಕು ಎಂದುಬಿಡುತ್ತಿದ್ದರು.

ಮೆಲ್ಜಾಕ್ ಮತ್ತು ವಾಲ್ ಹೇಳಿದ್ದು, ದಾರಿಯಲ್ಲಿ ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದು. ಮುಟ್ಟಿದ್ದು, ಒತ್ತಿದ್ದು ಎಲ್ಲ ದಪ್ಪ ನರತಂತುಗಳಲ್ಲಿ ವೇಗವಾಗಿ ಬರುತ್ತದೆ. ನೋವಿನ ಸುದ್ದಿಯನ್ನು ತರುವುದು ಸಣ್ಣ ತಂತುಗಳು, ಅವುಗಳಲ್ಲಿ ತೀರ ಸಣ್ಣವು ಸೆಕೆಂಡಿಗೆ ಸುಮಾರು 1 ಮೀಟರ್‌ನಷ್ಟು ನಿಧಾನ. ದಪ್ಪ ತಂತುಗಳ ಸುದ್ದಿ ಹೆಚ್ಚಾದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಸಣ್ಣ ತಂತುಗಳದು ಹೆಚ್ಚಾದರೆ ತೆರೆದುಕೊಳ್ಳುತ್ತದೆ. ಮಿದುಳು ಕೂಡ ಮೇಲಿನಿಂದ ಆ ಬಾಗಿಲನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲದು. ದಾದರಿನಲ್ಲಿ ಸಂಜೆ ಆರರ ಲೋಕಲ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲಲ್ಲಿ ಮೊದಲೇ ಗುಂಪು ತುಂಬಿದ್ದರೆ ಹಿಂದೆ ಬಂದವರು ಒಳಗೆ ಸೇರುವುದು ಕಷ್ಟ.

ಮಗು ಬಿದ್ದು ಮಂಡಿ ತರಚಿಕೊಂಡರೆ ನಾವು ಏನು ಮಾಡುತ್ತೇವೆ? ಸುತ್ತ ಮೆಲ್ಲಗೆ ಉಜ್ಜುತ್ತೇವೆ, ಉಫ್ ಎಂದು ಊದುತ್ತೇವೆ. ಅಳು ನಿಲ್ಲುತ್ತದೆ. ಉಜ್ಜಿದ್ದರಿಂದ ದಪ್ಪ ತಂತುಗಳು ಎಚ್ಚರಗೊಂಡು ಬಾಗಿಲನ್ನು ಸ್ವಲ್ಪ ಮುಚ್ಚಿದವು ಎಂದು ಈ ಸಿದ್ಧಾಂತ ವಿವರಿಸುತ್ತದೆ. ಇದರ ಕೆಲವು ವಿವರಗಳನ್ನು ಮುಂದಿನ ಸಂಶೋಧನೆ ತಿದ್ದಿದೆ. ಆದರೂ ದಾರಿಯಲ್ಲೇ ನೋವು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು ಎಂಬ ಮೂಲ ಮಾತು ಉಳಿದಿದೆ.

ಉಜ್ಜುವ ಬದಲು ಕರೆಂಟು ಕೊಟ್ಟರೆ ಹೇಗೆ? ವಾಲ್ ಅವರು ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಜೊತೆ ಸೇರಿ ಮೊದಲು ತಮ್ಮ ಮುಖದ ನರಕ್ಕೇ ಕರೆಂಟು ಕೊಟ್ಟು ನೋಡಿಕೊಂಡರು. ಆಮೇಲೆ ತೀವ್ರ ದೀರ್ಘಕಾಲದ ನೋವಿದ್ದ 8 ರೋಗಿಗಳಿಗೆ ಕೊಟ್ಟರು. ಸೆಕೆಂಡಿಗೆ 100 ಸಲ, ಒಂದೊಂದೂ 0.1 ಮಿಲಿಸೆಕೆಂಡಿನ ಮಿಡಿತ, ಜುಮುಜುಮು ಅನ್ನಿಸುವಷ್ಟು ಮಾತ್ರ. ಕರೆಂಟು ಹರಿಯುತ್ತಿದ್ದಾಗ ಮುಟ್ಟಿದರೆ ಆಗದಿದ್ದ ಜಾಗವನ್ನು ಒತ್ತಿದರೂ ನೋವಾಗಲಿಲ್ಲ. ನರದ ಕಾಯಿಲೆಯಿದ್ದ ನಾಲ್ವರಿಗೆ 2 ನಿಮಿಷದ ಕರೆಂಟಿನಿಂದ ಅರ್ಧ ಗಂಟೆಗೂ ಹೆಚ್ಚು ಹೊತ್ತು ನೋವು ತಗ್ಗಿತು. 1967ರಲ್ಲಿ ಇದು ಪ್ರಕಟವಾಯಿತು. 1972ರಲ್ಲಿ ಮೇಯರ್ ಮತ್ತು ಫೀಲ್ಡ್ಸ್ ಎಂಬ ವೈದ್ಯರು ಕಾಸಾಲ್ಜಿಯಾದ ರೋಗಿಗಳಿಗೇ ದಪ್ಪ ನರತಂತುಗಳನ್ನು ಎಚ್ಚರಿಸುವ ಈ ಚಿಕಿತ್ಸೆಯನ್ನು ಕೊಟ್ಟು ವರದಿ ಮಾಡಿದರು. ಮಿಚೆಲ್ಲರ ಸೈನಿಕರ ನೋವಿಗೆ ನೂರು ವರ್ಷ ದಾಟಿದ ಮೇಲೆ ಒಂದು ಉತ್ತರ ಸಿಕ್ಕಿತ್ತು.

ಇದೇ ಹೊತ್ತಿನಲ್ಲಿ ನಾರ್ಮನ್ ಷೀಲಿ ಎಂಬ ಅಮೆರಿಕದ ಶಸ್ತ್ರವೈದ್ಯರು ಬೆನ್ನುಹುರಿಯ ಬಳಿ ಎಲೆಕ್ಟ್ರೋಡು ಕೂರಿಸುವ ಶಸ್ತ್ರಚಿಕಿತ್ಸೆ ಶುರುಮಾಡಿದ್ದರು. ಯಾರಿಗೆ ಅದು ಫಲಿಸೀತು ಎಂದು ಮೊದಲೇ ನೋಡಲು ಹಳೆಯ ಎಲೆಕ್ಟ್ರೀಟನ್ನು ಚರ್ಮದ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ಕೆಲವರಿಗೆ ಅಷ್ಟರಿಂದಲೇ ನೋವು ತಗ್ಗಿ, ಶಸ್ತ್ರಚಿಕಿತ್ಸೆಯೇ ಬೇಡವಾಯಿತು. ಮೂಲೆ ಸೇರಿದ್ದ ಪೆಟ್ಟಿಗೆ ಹೀಗೆ ಹೊರಬಂತು. 1970ರ ದಶಕದಲ್ಲಿ ಟ್ರಾನ್ಸಿಸ್ಟರುಗಳಿಂದಾಗಿ ಜೇಬಿನಲ್ಲಿಡುವ ಯಂತ್ರಗಳು ಬಂದವು. ಚರ್ಮದ ಮೂಲಕ ನರಕ್ಕೆ ವಿದ್ಯುತ್ ಪ್ರಚೋದನೆ ಎಂಬ ಉದ್ದ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ ಟೆನ್ಸ್. 1985ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಅಯಸ್ಕಾಂತದ ಮಿಡಿತದಿಂದ ತಲೆಬುರುಡೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸಿ ತೋರಿಸಿದರು. ಹಟಮಾರಿ ನರನೋವಿಗೆ ಅದನ್ನೂ ಈಗ ಬಳಸುತ್ತಾರೆ.

ಎಷ್ಟು ನಂಬಬೇಕು

ಫ್ರಾಂಕ್ಲಿನ್ ಅವರ ಪ್ರಾಮಾಣಿಕತೆಯನ್ನು ನಾವೂ ಇಟ್ಟುಕೊಳ್ಳೋಣ. ಟೆನ್ಸ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಯಂತ್ರ ಹಚ್ಚಿದಾಗ ಮತ್ತು ಹಚ್ಚಿದ ಕೂಡಲೇ ನೋವು ಕಡಿಮೆಯಾಗುತ್ತದೆ, ದೊಡ್ಡ ಅಪಾಯವೇನಿಲ್ಲ ಎಂದರು. ಆದರೆ ನರಪೆಟ್ಟಿನ ನೋವಿನ ಪ್ರಯೋಗಗಳನ್ನೇ ಜರಡಿ ಹಿಡಿದ 2017ರ ಕಾಕ್ರೇನ್ ಪರಿಶೀಲನೆ, ಪುರಾವೆಯ ಗುಣಮಟ್ಟ ತೀರ ಕಡಿಮೆ, ಖಚಿತವಾಗಿ ಹೇಳಲಾಗದು ಎಂದಿತು. ಇದನ್ನು ಪರೀಕ್ಷಿಸುವುದೇ ಕಷ್ಟ. ಸಕ್ಕರೆ ಮಾತ್ರೆ ಕೊಟ್ಟು ಔಷಧಿ ಎನ್ನಬಹುದು, ಜುಮುಜುಮು ಅನ್ನದ ಯಂತ್ರ ಹಚ್ಚಿ ಕರೆಂಟು ಎಂದು ನಂಬಿಸುವುದು ಹೇಗೆ?

ಕಾಫಿ ಕುಡಿಯುವ ನಮ್ಮಂಥವರಿಗೆ ಇನ್ನೊಂದು ಸುದ್ದಿ. 1995ರಲ್ಲಿ ಆರೋಗ್ಯವಂತರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ 200 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಟೆನ್ಸ್‌ನ ಪರಿಣಾಮ ಕುಗ್ಗಿತು. ಈಗ ನಮ್ಮ ಮನೆಯಲ್ಲಿ ಪ್ಯಾಡು ಮೊದಲು, ಫಿಲ್ಟರ್ ಕಾಫಿ ಆಮೇಲೆ.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ ಎಂದು ಸುಮ್ಮನೆ ತರಿಸಿ ಹಚ್ಚಿಕೊಳ್ಳಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಮೂರ್ಛೆ ರೋಗ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಕುತ್ತಿಗೆಯ ಮುಂಭಾಗಕ್ಕೆ, ಒಡೆದ ಚರ್ಮಕ್ಕೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ತಿಳಿಯದ ಪಾದಕ್ಕೆ ಹಚ್ಚಬಾರದು. ನೋವಿಗೆ ಕಾರಣ ಏನೆಂದು ಮೊದಲು ತಿಳಿಯಬೇಕು.

ಅತ್ತೆಗೆ ಕೊಟ್ಟ ಉತ್ತರ

1973ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಅದರ ಜೊತೆಗಿನ ಟಿಪ್ಪಣಿಗಳಲ್ಲಿ ಒಂದು, ನನಗೆ ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎನ್ನುತ್ತದೆ. ಮೂರು ತಿಂಗಳಿಗೂ ಮೀರಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಈಗ ತನ್ನದೇ ಜಾಗವಿದೆ.

ಇದನ್ನೆಲ್ಲ ಒಂದು ಭಾನುವಾರ ಅತ್ತೆಗೆ ಹೇಳಿದೆ. ಮೀನಿನ ಮೇಲೆ ನಿಲ್ಲಿಸುತ್ತಿದ್ದರು ಎಂದಾಗ ನಕ್ಕರು. ಸೈನಿಕರ ಒದ್ದೆ ಬಟ್ಟೆಯ ಮಾತು ಬಂದಾಗ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೂ ಹಾಗೇ ಆಗ್ತಿತ್ತಾ?" ಎಂದು ಕೇಳಿದರು.

"ಹೌದು ಅತ್ತೆ. ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ಹೋಗಲಿ ಬಿಡು. ನಿನಗೇನು ಗೊತ್ತಿತ್ತು" ಎಂದರು.

ಅವರ ನೋವು ಪೂರ್ತಿ ಹೋಗಿಲ್ಲ. ಮಾತ್ರೆಯಿಂದ ಒಂದಿಷ್ಟು, ಪ್ಯಾಡಿನಿಂದ ಒಂದಿಷ್ಟು ತಗ್ಗಿದೆ. ಯಂತ್ರ ಹಚ್ಚಿ ತೆಗೆದ ಮೇಲೆ ಒಂದೆರಡು ಗಂಟೆ ಆರಾಮ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸ್ನಾನ, ರವಿಕೆ, ದೇವರ ಪೂಜೆ ಎಲ್ಲ ಮುಗಿಸಿಕೊಳ್ಳುತ್ತಾರೆ. ಈ ಸಲ ಸಂಘದ ರಾಜ್ಯೋತ್ಸವಕ್ಕೆ ರೇಷ್ಮೆ ಸೀರೆಯುಟ್ಟು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು, ನೀವೂ ನೋಡಿರಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಗಾಯ ಕಾಣದ ನೋವನ್ನು ಹೇಳುತ್ತಿದ್ದರೆ, ಯಂತ್ರ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿ ಕೂತು, ಎಲ್ಲಿ, ಹೇಗೆ, ಯಾವಾಗ ಎಂದು ಕೇಳಿ. ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ನೀವೂ ಜೊತೆಗೆ ಹೋಗಿ.